ಗಂಟು ಸಣ್ಣದು, ಗಾಯ ಯಾಕೆ ಇಷ್ಟು ದೊಡ್ಡದು?

(ಅಪರೂಪದ ಒಂದು ಚರ್ಮದ ಕ್ಯಾನ್ಸರ್ ಮತ್ತು ಅದರ ಆಪರೇಶನ್ ಬಗ್ಗೆ ಸಾರ್ವಜನಿಕರಿಗಾಗಿ ಕೊಟ್ಟ ಉಪನ್ಯಾಸವನ್ನು ಬರಹಕ್ಕೆ ಇಳಿಸಿದ್ದೇನೆ. ಪರದೆ ಮೇಲೆ ಚಿತ್ರ ತೋರಿಸಿದ ಕಡೆ ಒಂದೆರಡು ಸಾಲು ಸೇರಿಸಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಅಲ್ಲಿ ಮಾತಾಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಶುರು ಮಾಡುವ ಮೊದಲು ನಿಮ್ಮಿಂದ ಒಂದು ಸಣ್ಣ ಕೆಲಸ ಆಗಬೇಕು. ಬಲಗೈಯನ್ನು ಎಡ ಹೆಗಲ ಮೇಲೆ ಇಡಿ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಚರ್ಮ ಹಿಡಿದು ಸ್ವಲ್ಪ ಮೇಲಕ್ಕೆತ್ತಿ. ಬಂತಲ್ವಾ? ಈಗ ನಿಮ್ಮ ಬೆರಳ ನಡುವೆ ಇರುವುದು ಚರ್ಮ ಮತ್ತು ಅದರ ಕೆಳಗಿನ ಒಂದಿಷ್ಟು ಕೊಬ್ಬು. ಎಷ್ಟು ಎಳೆದರೂ ಮಾಂಸಖಂಡ ಮಾತ್ರ ಕೈಗೆ ಬರುವುದಿಲ್ಲ, ಅದು ಕೆಳಗೇ ಉಳಿಯುತ್ತದೆ. ಅದರ ಮೇಲೆ ತೆಳ್ಳಗಿನ, ಗಟ್ಟಿಯಾದ ಒಂದು ಬಿಳಿ ಪೊರೆ ಹಾಸಿಕೊಂಡಿದೆ, ಫ್ಯಾಶಿಯಾ ಅಂತ ಕರೆಯುತ್ತೇವೆ. ಬೆರಳಿಗೆ ಸಿಕ್ಕ ಆ ದಪ್ಪ ಮತ್ತು ಸಿಗದೆ ಉಳಿದ ಆ ಪೊರೆ, ಎರಡನ್ನೂ ನೆನಪಿಟ್ಟುಕೊಳ್ಳಿ. ಇವತ್ತಿನ ಮಾತೆಲ್ಲ ಅಲ್ಲೇ ಸುತ್ತುತ್ತದೆ.

ಕಾಯಿಲೆಯ ಹೆಸರು ಡರ್ಮಾಟೋಫೈಬ್ರೋಸಾರ್ಕೋಮ ಪ್ರೊಟ್ಯೂಬರಾನ್ಸ್. ಪೂರ್ತಿ ಹೆಸರು ಇದೊಂದು ಸಲ ಸಾಕು, ಇನ್ನು ಮೇಲೆ ಡಿಎಫ್‌ಎಸ್‌ಪಿ ಅನ್ನೋಣ. ಇದು ಚರ್ಮದ ಕ್ಯಾನ್ಸರ್, ಆದರೆ ನೀವು ಕೇಳಿರಬಹುದಾದ ಮೆಲನೋಮದ ಜಾತಿಯದ್ದಲ್ಲ. ಇದರ ಮೂಲ ಚರ್ಮದ ಒಳಪದರದಲ್ಲಿರುವ ನಾರಿನಂಥ ಜೀವಕೋಶಗಳಲ್ಲಿ. ತೀರಾ ಅಪರೂಪ. ಅಮೆರಿಕದ ಲೆಕ್ಕದ ಪ್ರಕಾರ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು 4 ಮಂದಿಗೆ ಬರುತ್ತದೆ. ಒಬ್ಬ ಫ್ಯಾಮಿಲಿ ಡಾಕ್ಟರ್ ಇಡೀ ವೃತ್ತಿಜೀವನದಲ್ಲಿ ಇಂಥದ್ದು ಒಂದನ್ನೂ ನೋಡದೆ ನಿವೃತ್ತರಾಗಬಹುದು. ಸಮಸ್ಯೆಯ ಅರ್ಧ ಭಾಗ ಅಲ್ಲೇ ಇದೆ. ನೋಡಿಲ್ಲದ್ದನ್ನು ಗುರುತಿಸುವುದು ಹೇಗೆ?

ಇದು ಶುರುವಾಗುವುದು ಸದ್ದಿಲ್ಲದೆ. ಎದೆ, ಬೆನ್ನು, ಹೆಗಲು, ತೊಡೆಯ ಮೇಲ್ಭಾಗ, ಇಂಥ ಕಡೆ ಚರ್ಮದೊಳಗೆ ಒಂದು ನಾಣ್ಯ ಇಟ್ಟ ಹಾಗೆ ಗಟ್ಟಿ ಜಾಗ. ಬಣ್ಣ ಚರ್ಮದ್ದೇ ಇರಬಹುದು, ಕೆಂಪಗೆ, ಕಂದು, ಒಮ್ಮೊಮ್ಮೆ ನೀಲಿ ಬೆರೆತ ಹಾಗೂ ಇರಬಹುದು. ಸಾಮಾನ್ಯವಾಗಿ ನೋವಿರುವುದಿಲ್ಲ, ರಕ್ತ ಬರುವುದಿಲ್ಲ. ವರ್ಷಗಟ್ಟಲೆ ಹಾಗೇ ಕೂತಿರುತ್ತದೆ, ಆಮೇಲೆ ಆ ಬಿಲ್ಲೆಯ ಮೇಲೆ ಒಂದೊಂದೇ ಗುಬಟು ಏಳುತ್ತದೆ. ಪ್ರೊಟ್ಯೂಬರಾನ್ಸ್ ಅನ್ನುವ ಪದದ ಅರ್ಥವೇ ಉಬ್ಬಿ ನಿಲ್ಲುವುದು. ಜಾಸ್ತಿ ಕಾಣುವುದು 20ರಿಂದ 50ರ ಒಳಗಿನವರಲ್ಲಿ, ಆದರೆ ಮಕ್ಕಳಲ್ಲೂ ಬರುತ್ತದೆ, ಹುಟ್ಟುವಾಗಲೇ ಇದ್ದ ಉದಾಹರಣೆಗಳೂ ಇವೆ. ಹಳೆಯ ಗಾಯದ ಕಲೆಯಲ್ಲಿ, ಹಿಂದೆ ಲಸಿಕೆ ಹಾಕಿಸಿಕೊಂಡ ಜಾಗದಲ್ಲಿ ಎದ್ದದ್ದೂ ಇದೆ. ಹಾಗಾಗಿ ನೋಡಿದವರು ಕೆಲಾಯ್ಡ್ (ಉಬ್ಬಿ ಬೆಳೆದ ಗಾಯದ ಕಲೆ) ಅನ್ನುತ್ತಾರೆ, ಕೊಬ್ಬಿನ ಗಂಟು ಅನ್ನುತ್ತಾರೆ, ಸಿಸ್ಟ್ ಅನ್ನುತ್ತಾರೆ. ಹಾಗಂದವರನ್ನು ನಾನು ದೂರುವುದಿಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಸಲ ಅವರು ಹೇಳಿದ್ದೇ ಸರಿ ಇರುತ್ತದೆ.

ಕೈಗೆ ಸಿಗುವ ಒಂದು ವ್ಯತ್ಯಾಸ ಇದೆ, ಹೇಳಿಬಿಡುತ್ತೇನೆ. ಕೊಬ್ಬಿನ ಗಂಟು ಮೆತ್ತಗೆ, ಚರ್ಮದ ಕೆಳಗೆ ಇರುತ್ತದೆ. ಮೇಲಿನ ಚರ್ಮ ಬೆರಳಿಗೆ ಬೇರೆಯಾಗಿ ಸಿಗುತ್ತದೆ, ಗಂಟು ಕೆಳಗೆ ಜಾರುತ್ತದೆ. ಡಿಎಫ್‌ಎಸ್‌ಪಿ ರಬ್ಬರಿನಂತೆ ಗಟ್ಟಿ, ಚರ್ಮಕ್ಕೇ ಅಂಟಿಕೊಂಡಿರುತ್ತದೆ. ಅಲ್ಲಾಡಿಸಿದರೆ ಚರ್ಮವೂ ಗಂಟೂ ಒಟ್ಟಿಗೇ ಅಲ್ಲಾಡುತ್ತವೆ. ಇದರಿಂದ ಕ್ಯಾನ್ಸರ್ ಹೌದೋ ಅಲ್ಲವೋ ತೀರ್ಮಾನ ಆಗುವುದಿಲ್ಲ, ಅದಕ್ಕೆ ಬಯಾಪ್ಸಿಯೇ, ಅಂದರೆ ಒಂದು ತುಣುಕು ತೆಗೆದು ಲ್ಯಾಬಿನಲ್ಲಿ ನೋಡುವುದೇ ಬೇಕು. ಆದರೆ ಗಟ್ಟಿಯಾಗಿ ಚರ್ಮಕ್ಕೆ ಅಂಟಿಕೊಂಡು ನಿಧಾನಕ್ಕೆ ಬೆಳೆಯುತ್ತಿರುವ ಯಾವುದೇ ಗಂಟನ್ನು ಸುಮ್ನೆ ಬಿಡಬೇಡಿ.

ಈಗ ಒಳ್ಳೆಯ ಸುದ್ದಿ. ಇದು ದೇಹದ ಬೇರೆ ಕಡೆಗೆ ಹಾರುವುದು ತುಂಬಾ ಕಡಿಮೆ, ನೂರರಲ್ಲಿ ಐದು ಜನರಿಗೂ ಆಗುವುದಿಲ್ಲ. ಹಾರಿದರೆ ಹೆಚ್ಚಾಗಿ ಶ್ವಾಸಕೋಶಕ್ಕೆ. ಕಂಕುಳು, ತೊಡೆಸಂದಿಯ ಗ್ರಂಥಿಗಳಿಗೆ ಹೋಗುವುದು ಅದಕ್ಕಿಂತಲೂ ಅಪರೂಪ, ಆದ್ದರಿಂದ ಗ್ರಂಥಿಗಳನ್ನು ತೆಗೆಯುವ ಪ್ರಶ್ನೆ ಸಾಮಾನ್ಯವಾಗಿ ಬರುವುದೇ ಇಲ್ಲ. ಜೀವಕ್ಕೆ ಅಪಾಯ ಕಡಿಮೆ. ಇದರಲ್ಲಿ ಇನ್ನೊಂದು ಬಗೆ ಇದೆ, ಗಂಟಿನ ಒಂದು ಭಾಗ ಫೈಬ್ರೋಸಾರ್ಕೋಮ ಅನ್ನುವ ಇನ್ನೊಂದು ಕ್ಯಾನ್ಸರ್ ಆಗಿ ಬದಲಾಗಿರುತ್ತದೆ. ಅದು ಜೋರು, ಅಂಥವರಿಗೆ ಎದೆಯ ಸ್ಕ್ಯಾನ್ ಕೂಡ ಮಾಡಿಸುತ್ತೇವೆ. ಉಳಿದವರ ಮಟ್ಟಿಗೆ ನಿಜವಾದ ಕಾಟ ಒಂದೇ, ತೆಗೆದ ಜಾಗಕ್ಕೇ ಮತ್ತೆ ಬರುವುದು.

1924ರಲ್ಲಿ ಫ್ರಾನ್ಸಿನ ಡಾರಿಯೇ ಮತ್ತು ಫೆರಾಂ ಇಬ್ಬರೂ ಸೇರಿ ಈ ಕಾಯಿಲೆಯನ್ನು ಬೇರೆಯಾಗಿ ಗುರುತಿಸಿ ಬರೆದರು. ಅವರು ಕೊಟ್ಟ ಹೆಸರಿನಲ್ಲೇ ‘ಬೆಳೆಯುತ್ತಾ ಹೋಗುವ, ಮರುಕಳಿಸುವ’ ಅನ್ನುವ ಎರಡು ಪದಗಳಿದ್ದವು. ಈಗಿನ ಹೆಸರು ಮರುವರ್ಷ, 1925ರಲ್ಲಿ, ಹಾಫ್‌ಮನ್ ಇಟ್ಟದ್ದು. ಅಂದರೆ ನೋಡಿ, ತೆಗೆದರೂ ತಿರುಗಿ ಬರುತ್ತದೆ ಅನ್ನುವುದು ನೂರು ವರ್ಷದ ಹಿಂದೆಯೇ, ಮೊದಲ ದಿನವೇ ಕಣ್ಣಿಗೆ ಬಿದ್ದಿತ್ತು.

ಯಾಕೆ ತಿರುಗಿ ಬರುತ್ತದೆ? ಇಲ್ಲಿ ಸ್ವಲ್ಪ ನಿಲ್ಲೋಣ.

ಗರಿಕೆ ಹುಲ್ಲು ಕಿತ್ತಿದ್ದೀರಾ? ಮೇಲಿನ ಹಸಿರು ಹಿಡಿದು ಎಳೆದರೆ ಕೈತುಂಬಾ ಬರುತ್ತದೆ, ನೆಲ ಸ್ವಚ್ಛವಾಯಿತು ಅನ್ನಿಸುತ್ತದೆ. ಹದಿನೈದು ದಿನ ಬಿಟ್ಟು ನೋಡಿದರೆ ಕಿತ್ತ ಜಾಗದಿಂದ ಒಂದು ಗೇಣು ಆಚೆ ಹೊಸ ಚಿಗುರು. ಮಣ್ಣಿನೊಳಗೆ ದಾರದಂಥ ಬಳ್ಳಿ ಅಡ್ಡಡ್ಡ ಹರಿದಿರುತ್ತದೆ, ಅದನ್ನು ನಾವು ನೋಡಿರುವುದೇ ಇಲ್ಲ. ಡಿಎಫ್‌ಎಸ್‌ಪಿ ಬೆಳೆಯುವುದು ಹೀಗೇ. ನಮ್ಮ ಬೆರಳಿಗೆ ಸಿಗುವ ಗಂಟು ಮೇಲಿನ ಹಸಿರಿನ ಹಾಗೆ. ಅದರಿಂದ ಸಣ್ಣ ಸಣ್ಣ ಎಳೆಗಳು ಕೊಬ್ಬಿನ ಪದರದೊಳಗೆ ಅಡ್ಡಡ್ಡ ಹೊರಟಿರುತ್ತವೆ, ಕೆಲವು ಆ ಬಿಳಿ ಪೊರೆಯವರೆಗೆ ಇಳಿದಿರುತ್ತವೆ. ಎಲ್ಲ ದಿಕ್ಕಿಗೂ ಸಮನಾಗಿ ಹೋಗುವುದಿಲ್ಲ, ಅದೇ ಕಷ್ಟ. ಒಂದು ಕಡೆ ಅರ್ಧ ಸೆಂಟಿಮೀಟರ್‌ಗೇ ನಿಂತಿರುತ್ತದೆ, ಇನ್ನೊಂದು ಕಡೆ ಮೂರು ಸೆಂಟಿಮೀಟರ್ ಓಡಿರುತ್ತದೆ, ಮೇಲಿನ ಚರ್ಮ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಮೈಕ್ರೋಸ್ಕೋಪಿನಲ್ಲಿ ಇದು ಚೆಂದ ಕಾಣುತ್ತದೆ, ಈ ಮಾತು ಹೇಳಲು ಮನಸ್ಸಿಗೆ ಕಷ್ಟ ಆದರೂ ನಿಜ. ಗಂಟಿನ ನಡುವೆ ಉದ್ದುದ್ದ ಜೀವಕೋಶಗಳು ಚಾಪೆ ಹೆಣೆದ ಹಾಗೆ ಅಡ್ಡ ಉದ್ದ ಹೊಂದಿಕೊಂಡಿರುತ್ತವೆ. ಆ ನೋಟಕ್ಕೆ ಸ್ಟೋರಿಫಾರ್ಮ್ ಅನ್ನುತ್ತಾರೆ, ಲ್ಯಾಟಿನ್ ಭಾಷೆಯಲ್ಲಿ ಚಾಪೆ ಅನ್ನುವ ಪದದಿಂದಲೇ ಬಂದದ್ದು. ಅಂಚಿಗೆ ಬಂದಾಗ ಚಾಪೆ ಬಿಚ್ಚಿಹೋಗುತ್ತದೆ. ಎಳೆಗಳು ಕೊಬ್ಬಿನ ಒಂದೊಂದು ಹನಿಯನ್ನೂ ಸುತ್ತಿಕೊಂಡು ಮುಂದೆ ಹೋಗುತ್ತವೆ, ಜೇನುಗೂಡಿನ ಹಾಗೆ ಕಾಣುತ್ತದೆ. ಆ ಕೊನೆಯ ಎಳೆ ಎಲ್ಲಿ ಮುಗಿಯಿತು ಅಂತ ಹುಡುಕುವುದೇ ಈ ಆಪರೇಶನ್‌ನ ಪೂರ್ತಿ ಕೆಲಸ.

ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ಗುರುತು ಸಿಗುವಂಥ ವಿವರ ಏನೂ ಹೇಳುವುದಿಲ್ಲ. ಹೆಗಲ ಮೇಲೆ ಸಣ್ಣ ಗಂಟಿತ್ತು. ಮೊದಲ ಸಲ ಜಾಗ ಮರಗಟ್ಟಿಸಿ ಹತ್ತೇ ನಿಮಿಷದಲ್ಲಿ ತೆಗೆದರು, ನಾಲ್ಕು ಹೊಲಿಗೆ. ತೆಗೆದ ಗಂಟನ್ನು ಲ್ಯಾಬಿಗೆ ಕಳಿಸಲಿಲ್ಲ. ಎರಡು ವರ್ಷಕ್ಕೆ ಅದೇ ಕಲೆಯ ಮೇಲೆ ಮತ್ತೆ ಉಬ್ಬಿತು. ಕೆಲಾಯ್ಡ್ ಅಂತ ಇಂಜೆಕ್ಷನ್ ಕೊಟ್ಟರು, ತಗ್ಗಲಿಲ್ಲ. ಬೇರೆ ಡಾಕ್ಟರ ಹತ್ತಿರ ಮತ್ತೆ ತೆಗೆಸಿದರು, ಈ ಸಲ ಲ್ಯಾಬಿಗೆ ಹೋಯಿತು, ಹೆಸರು ಗೊತ್ತಾಯಿತು. ನನ್ನ ಹತ್ತಿರ ಬಂದಾಗ ಅವರ ಮೊದಲ ಪ್ರಶ್ನೆ: "ಡಾಕ್ಟ್ರೇ, ಎರಡು ಸಲ ತೆಗೆದಾಯ್ತಲ್ಲ, ಇನ್ನೇನಿದೆ ತೆಗೆಯೋಕೆ?" ನಾನು ಪೆನ್ನಿನಿಂದ ಅವರ ಹೆಗಲ ಮೇಲೆ ಗೆರೆ ಎಳೆದೆ. ಅವರು ಕನ್ನಡಿಯಲ್ಲಿ ನೋಡಿದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ಮೊದಲನೇ ಸಲವೇ ಇಷ್ಟು ತೆಗೆದಿದ್ರೆ?"

ಮೊದಲನೇ ಸಲ ಇಷ್ಟು ದೊಡ್ಡ ಗೆರೆ ಬೇಕಾಗುತ್ತಿರಲಿಲ್ಲ. ಅದನ್ನು ಅವರಿಗೆ ಹೇಳುವುದು ನನಗೆ ಕಷ್ಟವಾಯಿತು, ಆದರೂ ಹೇಳಿದೆ. ಒಮ್ಮೆ ಕೈ ಹಾಕಿದ ಜಾಗದಲ್ಲಿ ಗಾಯದ ಕಲೆ ಮತ್ತು ಕಾಯಿಲೆಯ ಎಳೆ ಎರಡೂ ನಾರಾಗಿ ಬೆರೆತುಹೋಗುತ್ತವೆ, ಲ್ಯಾಬಿನಲ್ಲಿ ತುಂಡು ಪರೀಕ್ಷಿಸುವ ಪೆಥಾಲಜಿಸ್ಟ್‌ಗೂ ಬಿಡಿಸುವುದು ಕಷ್ಟ. ಆದ್ದರಿಂದ ಹಳೆಯ ಕಲೆ, ಹೊಲಿಗೆ ಹಾಕಿದ ತೂತು, ಹಿಂದೆ ಬಿಡಿಸಿದ ಜಾಗ, ಎಲ್ಲವನ್ನೂ ಕಾಯಿಲೆ ಅಂತಲೇ ಲೆಕ್ಕ ಹಾಕಿ ಅದರ ಆಚೆಯಿಂದ ಅಳತೆ ಶುರು ಮಾಡಬೇಕು.

ಮೊದಲ ಸಲ ಹಾಗಾದರೆ ತಪ್ಪಿದ್ದೆಲ್ಲಿ? ಗಂಟಿನ ಸುತ್ತ ಕೊಯ್ದಾಗ ಅದಕ್ಕೊಂದು ಪೊರೆ ಇರುವ ಹಾಗೆ ಕಾಣುತ್ತದೆ. ಬೆರಳು ಹಾಕಿ ಬಿಡಿಸಿದರೆ ಸುಲಿದು ಬರುತ್ತದೆ. ಸರ್ಜನ್‌ಗೆ ಸಮಾಧಾನ, ಪೂರ್ತಿ ಬಂತು ಅಂತ. ಆದರೆ ಆ ಪೊರೆ ನಿಜವಾದ ಪೊರೆಯಲ್ಲ, ಒತ್ತಿಹೋದ ಕಾಯಿಲೆಯ ಹೊರಪದರವೇ ಅದು. ಎಳೆಗಳು ಅದನ್ನು ದಾಟಿ ಆಗಲೇ ಹೋಗಿರುತ್ತವೆ. ಹೀಗೆ ಗಂಟಿನ ಅಂಚಿಗೇ ತೆಗೆದವರಲ್ಲಿ ಅರ್ಧದಷ್ಟು ಜನರಿಗೆ ಮತ್ತೆ ಬಂದ ವರದಿಗಳಿವೆ. ಇದನ್ನು ತಪ್ಪಿಸಲು ಪ್ರತಿಭೆ, ಕೈಚಳಕ ಬೇಕಾಗಿರಲಿಲ್ಲ. ತೆಗೆಯುವ ಮೊದಲು ಒಂದು ತುಣುಕು ಲ್ಯಾಬಿಗೆ ಹೋಗಿದ್ದರೆ ಸಾಕಿತ್ತು.

ಬಯಾಪ್ಸಿ ಬಗ್ಗೆ ಜನರಲ್ಲಿ ಭಯ ಇದೆ, ಪ್ರಶ್ನೋತ್ತರದಲ್ಲೂ ಅದೇ ಮೊದಲು ಬಂತು: "ಚಾಕು ತಾಗಿದ್ರೆ ಕ್ಯಾನ್ಸರ್ ಹರಡುತ್ತೆ ಅಂತಾರಲ್ಲ?" ಇಲ್ಲ. ಸರಿಯಾಗಿ ಮಾಡಿದ ಬಯಾಪ್ಸಿಯಿಂದ ಈ ಕಾಯಿಲೆ ಹರಡುವುದಿಲ್ಲ. ಗೊತ್ತಿಲ್ಲದೆ ಗಂಟನ್ನೇ ಸುಲಿದು ತೆಗೆಯುವುದು ಬೇರೆ, ಗೊತ್ತು ಮಾಡಿಕೊಳ್ಳಲು ಒಂದು ತುಣುಕು ತೆಗೆಯುವುದು ಬೇರೆ. ತುಣುಕು ಮಾತ್ರ ಆಳವಾಗಿರಬೇಕು, ಕೊಬ್ಬಿನವರೆಗೆ ಇಳಿದಿರಬೇಕು. ಮೇಲೆ ಮೇಲೆ ಕೆರೆದು ಕಳಿಸಿದರೆ ಪೆಥಾಲಜಿಸ್ಟ್‌ಗೆ ಬರೀ ನಾರು ಕಾಣುತ್ತದೆ, ಸಾಧಾರಣ ಡರ್ಮಾಟೋಫೈಬ್ರೋಮ ಅಂತ ರಿಪೋರ್ಟ್ ಬರುವ ಸಾಧ್ಯತೆ ಇದೆ. ಅದು ಪಾಪದ ಗಂಟು, ಏನೂ ಮಾಡದು. ಎರಡನ್ನೂ ಬೇರೆ ಮಾಡಲು ಸಿಡಿ34 ಅನ್ನುವ ಬಣ್ಣದ ಪರೀಕ್ಷೆ ಮಾಡುತ್ತಾರೆ. ಡಿಎಫ್‌ಎಸ್‌ಪಿಯ ಜೀವಕೋಶಗಳು ಸಾಮಾನ್ಯವಾಗಿ ಆ ಬಣ್ಣ ಚೆನ್ನಾಗಿ ಹಿಡಿಯುತ್ತವೆ. ಇನ್ನೂ ಅನುಮಾನ ಉಳಿದರೆ ವಂಶವಾಹಿ ಪರೀಕ್ಷೆ ಇದೆ. ಇದರ ಬಗ್ಗೆ ಆಮೇಲೆ ಹೇಳುತ್ತೇನೆ, ಯಾಕೆಂದರೆ ಔಷಧಿ ಹುಟ್ಟಿದ್ದೂ ಅಲ್ಲಿಂದಲೇ.

ಗಂಟು ದೊಡ್ಡದಿದ್ದರೆ, ಮತ್ತೆ ಬಂದದ್ದಾದರೆ ಎಂಆರ್‌ಐ ಮಾಡಿಸುತ್ತೇವೆ. ಎಷ್ಟು ಆಳ ಇಳಿದಿದೆ, ಮಾಂಸಖಂಡ ಮುಟ್ಟಿದೆಯಾ ಅಂತ ನೋಡಲು. ತೀರಾ ತೆಳ್ಳಗಿನ ಎಳೆಗಳು ಎಂಆರ್‌ಐನಲ್ಲೂ ಕಾಣುವುದಿಲ್ಲ, ಅದನ್ನು ನೆನಪಿಟ್ಟುಕೊಂಡೇ ಚಿತ್ರ ನೋಡಬೇಕು.

ಈಗ ಆಪರೇಶನ್ ಕೋಣೆಗೆ ಬನ್ನಿ.

ಎಲ್ಲ ಕಡೆ ಸಿಗುವ ವಿಧಾನ ಅಂದರೆ ಅಗಲವಾಗಿ ತೆಗೆಯುವುದು. ಅರಿವಳಿಕೆ ಕೊಡುವ ಮೊದಲೇ, ರೋಗಿ ಎಚ್ಚರವಾಗಿದ್ದು ಕೂತಿರುವಾಗಲೇ, ಗಂಟನ್ನು ಮುಟ್ಟಿ ಅದರ ಅಂಚಿಗೆ ಒಂದು ಗೆರೆ ಎಳೆಯುತ್ತೇನೆ. ಮಲಗಿದ ಮೇಲೆ ಚರ್ಮ ಜರುಗುತ್ತದೆ, ಅಂಚು ಸರಿಯಾಗಿ ಸಿಗುವುದಿಲ್ಲ. ಆಮೇಲೆ ಸ್ಕೇಲ್ ಇಟ್ಟು ಎಲ್ಲ ದಿಕ್ಕಿಗೂ 2ರಿಂದ 3 ಸೆಂಟಿಮೀಟರ್ ಆಚೆ ಚುಕ್ಕಿ, ಚುಕ್ಕಿ ಸೇರಿಸಿ ಎರಡನೇ ಗೆರೆ. ನೀವೇ ಲೆಕ್ಕ ಹಾಕಿ: 3 ಸೆಂಟಿಮೀಟರ್ ಗಂಟಿಗೆ ಆ ಕಡೆ 3, ಈ ಕಡೆ 3, ಒಟ್ಟು 9 ಸೆಂಟಿಮೀಟರ್. ಅಂಗೈ ಅಗಲ. ಗಂಟು ಸಣ್ಣದು, ಗಾಯ ಯಾಕೆ ಇಷ್ಟು ದೊಡ್ಡದು ಅಂತ ಎಲ್ಲರೂ ಕೇಳುತ್ತಾರೆ, ಉತ್ತರ ಈ ಸ್ಕೇಲಿನಲ್ಲಿದೆ.

ಆಳಕ್ಕೆ ಎಷ್ಟು? ಶುರುವಿನಲ್ಲಿ ಹೆಗಲು ಹಿಡಿದಿರಲ್ಲ, ಕೈಗೆ ಬಾರದೆ ಉಳಿದ ಬಿಳಿ ಪೊರೆ, ಅದನ್ನೂ ಸೇರಿಸಿ ತೆಗೆಯಬೇಕು. ಕೊಬ್ಬಿನ ನಡುವೆ ಎಲ್ಲೋ ಕೊಯ್ದರೆ ಎಳೆ ತುಂಡಾಗಿ ಒಳಗೇ ಉಳಿಯುತ್ತದೆ. ಪೊರೆ ಎತ್ತಿದಾಗ ಕೆಳಗೆ ಕೆಂಪು ಮಾಂಸಖಂಡ ಹೊಳೆಯುತ್ತಾ ಕಾಣುತ್ತದೆ. ಕಾಯಿಲೆ ಅದನ್ನೂ ಹಿಡಿದಿದ್ದರೆ ಮಾಂಸಖಂಡದ ಒಂದು ಪದರವೂ ಹೋಗುತ್ತದೆ.

ತುಂಡು ಹೊರಗೆ ಬಂದ ಕೂಡಲೇ, ಬಟ್ಟಲಿಗೆ ಹಾಕುವ ಮೊದಲೇ, ದಾರ ಕಟ್ಟಬೇಕು. ತಲೆಯ ಕಡೆಯ ಅಂಚಿಗೆ ಗಿಡ್ಡ ದಾರ, ಹೊರಬದಿಗೆ ಉದ್ದ ದಾರ. ತೀರಾ ಸಣ್ಣ ಕೆಲಸ, ಅರ್ಧ ನಿಮಿಷ. ಆದರೆ ಅದು ಇಲ್ಲದಿದ್ದರೆ ಫಾರ್ಮಲಿನ್ ಡಬ್ಬಿಯೊಳಗಿನ ಆ ತುಂಡಿಗೆ ಮೇಲೆ ಕೆಳಗೆ ಅನ್ನುವುದೇ ಇರುವುದಿಲ್ಲ. ಲ್ಯಾಬಿನವರು "ಒಂದು ಅಂಚಿನಲ್ಲಿ ಕಾಯಿಲೆ ಇದೆ" ಅಂತ ಬರೆಯುತ್ತಾರೆ, ಯಾವ ಅಂಚು ಅಂತ ಯಾರಿಗೂ ಗೊತ್ತಿರುವುದಿಲ್ಲ, ಮತ್ತೆ ಸುತ್ತಲೂ ಕೊಯ್ಯಬೇಕಾಗುತ್ತದೆ. ನನ್ನ ಜೊತೆ ಕಲಿಯುವವರಿಗೆ ನಾನು ಬೇರೆ ಯಾವುದಕ್ಕೂ ಇಷ್ಟು ಒತ್ತಾಯ ಮಾಡುವುದಿಲ್ಲ, ದಾರ ಕಟ್ಟದೆ ತುಂಡು ಕೈಯಿಂದ ಬಿಡಬೇಡಿ ಅನ್ನುವುದೊಂದಕ್ಕೆ ಬಿಟ್ಟು.

ಲ್ಯಾಬಿನಲ್ಲಿ ಏನಾಗುತ್ತದೆ ಅನ್ನುವುದು ಜನರಿಗೆ ಗೊತ್ತಿಲ್ಲ, ಗೊತ್ತಿರಬೇಕು. ಮಾಮೂಲಿ ವಿಧಾನದಲ್ಲಿ ತುಂಡನ್ನು ಬ್ರೆಡ್ ಹೋಳು ಮಾಡಿದ ಹಾಗೆ ಸೀಳುತ್ತಾರೆ. ಪ್ರತಿ ಹೋಳಿನ ಒಂದು ಮುಖದಿಂದ ಕೂದಲಿಗಿಂತ ತೆಳ್ಳಗಿನ ಪದರ ತೆಗೆದು ಸ್ಲೈಡ್ ಮಾಡುತ್ತಾರೆ. ಹೋಳಿಗೂ ಹೋಳಿಗೂ ನಡುವೆ ಇರುವ ಅಂಚು ಮೈಕ್ರೋಸ್ಕೋಪಿನ ಕೆಳಗೆ ಬರುವುದೇ ಇಲ್ಲ. ಲೆಕ್ಕ ಹಾಕಿದರೆ ಪೂರ್ತಿ ಅಂಚಿನಲ್ಲಿ ಕಣ್ಣಿಗೆ ಬೀಳುವುದು ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಉಂಡೆಯ ಹಾಗೆ ಬೆಳೆಯುವ ಗಡ್ಡೆಗಳಿಗೆ ಅಷ್ಟು ಸಾಕು. ಬೆರಳು ಚಾಚಿದ ಹಾಗೆ ಎಳೆ ಬಿಡುವ ಕಾಯಿಲೆಗೆ ಸಾಲದು. ಎರಡು ಹೋಳಿನ ನಡುವೆಯೇ ಎಳೆ ದಾಟಿ ಹೋಗಿರಬಹುದು, "ಅಂಚು ಸ್ವಚ್ಛ" ಅಂತ ರಿಪೋರ್ಟ್ ಬಂದಿರುತ್ತದೆ.

ಇದಕ್ಕೆ ಉತ್ತರ ಕೊಟ್ಟದ್ದು ಅಮೆರಿಕದ ವಿಸ್ಕಾನ್ಸಿನ್‌ನ ಫ್ರೆಡರಿಕ್ ಮೋಹ್ಸ್. 1930ರ ದಶಕದಲ್ಲಿ, ಇನ್ನೂ ವೈದ್ಯಕೀಯ ಓದುತ್ತಿದ್ದಾಗಲೇ, ಸತುವಿನ ಒಂದು ಲವಣ (ಜಿಂಕ್ ಕ್ಲೋರೈಡ್) ಹಾಕಿದರೆ ಗಡ್ಡೆಯ ಮಾಂಸ ಇದ್ದ ಜಾಗದಲ್ಲೇ ಗಟ್ಟಿಯಾಗಿ, ಮೈಕ್ರೋಸ್ಕೋಪಿನಲ್ಲಿ ರಚನೆ ಕೆಡದೆ ಕಾಣುತ್ತದೆ ಅನ್ನುವುದನ್ನು ಅವರು ಗಮನಿಸಿದರು. ಪದರ ಪದರವಾಗಿ ತೆಗೆಯುವುದು, ಪ್ರತಿ ಪದರದ ಅಡಿಭಾಗವನ್ನು ಪೂರ್ತಿ ನೋಡುವುದು, ಎಲ್ಲಿ ಕಾಯಿಲೆ ಉಳಿದಿದೆಯೋ ಅಲ್ಲಿ ಮಾತ್ರ ಇನ್ನೊಂದು ಪದರ ತೆಗೆಯುವುದು, ಇಷ್ಟೇ ಅವರ ಯೋಚನೆ. 1941ರಲ್ಲಿ ಪ್ರಕಟಿಸಿದರು. ಆಮೇಲೆ ಲವಣ ಬಿಟ್ಟು ಹಸಿ ಮಾಂಸವನ್ನೇ ಹೆಪ್ಪುಗಟ್ಟಿಸಿ ನೋಡುವ ಕ್ರಮ ಬಂತು, ಹೆಸರು ಮಾತ್ರ ಮೋಹ್ಸ್ ಅಂತಲೇ ಉಳಿಯಿತು.

ಗುಟ್ಟು ಇರುವುದು ಸೀಳುವ ರೀತಿಯಲ್ಲಿ. ತೆಗೆದ ತುಂಡು ಒಂದು ಅಗಲ ಬಟ್ಟಲು ಅಂದುಕೊಳ್ಳಿ. ಮಾಮೂಲಿ ವಿಧಾನ ಬಟ್ಟಲನ್ನು ಮೇಲಿನಿಂದ ಕೆಳಕ್ಕೆ ಸೀಳುತ್ತದೆ. ಮೋಹ್ಸ್ ವಿಧಾನದಲ್ಲಿ ಬಟ್ಟಲಿನ ಅಂಚುಗಳನ್ನು ಒತ್ತಿ ತಳದ ಮಟ್ಟಕ್ಕೆ ಚಪ್ಪಟೆ ಮಾಡುತ್ತಾರೆ, ಹೊರಮೈ ಪೂರ್ತಿ ಒಂದೇ ಸಮತಲಕ್ಕೆ ಬರುತ್ತದೆ, ಅದರಿಂದ ಪದರ ತೆಗೆಯುತ್ತಾರೆ. ಬದಿಯ ಅಂಚು, ತಳದ ಅಂಚು, ಎಲ್ಲವೂ ಕಣ್ಣಿಗೆ ಬೀಳುತ್ತದೆ. ಒಂದು ನಕ್ಷೆ ಬರೆದು, ಬೇರೆ ಬೇರೆ ಬಣ್ಣದ ಇಂಕ್ ಹಚ್ಚಿ, ಗಾಯದಲ್ಲಿ ಯಾವ ಜಾಗ ಸ್ಲೈಡಿನಲ್ಲಿ ಯಾವ ಜಾಗ ಅಂತ ಗುರುತು ಇಟ್ಟುಕೊಂಡಿರುತ್ತಾರೆ. ಮೂರು ಗಂಟೆಯ ಮುಳ್ಳಿನ ಕಡೆ ಎಳೆ ಕಂಡರೆ ಮೂರು ಗಂಟೆಯ ಕಡೆಗೇ ಹೋಗಿ ಇನ್ನಷ್ಟು ತೆಗೆಯುತ್ತಾರೆ, ಉಳಿದ ಚರ್ಮ ಉಳಿಯುತ್ತದೆ.

ಡಿಎಫ್‌ಎಸ್‌ಪಿಯಲ್ಲಿ ಇದಕ್ಕೂ ಒಂದು ತೊಡಕು. ಹೆಪ್ಪುಗಟ್ಟಿಸಿದ ಸ್ಲೈಡಿನಲ್ಲಿ ಕಾಯಿಲೆಯ ತೆಳ್ಳಗಿನ ಎಳೆಯೂ ಚರ್ಮದ ಮಾಮೂಲಿ ನಾರಿನ ಜೀವಕೋಶವೂ ಒಂದೇ ಥರ ಕಾಣುತ್ತವೆ. ಆದ್ದರಿಂದ ಹಲವರು ‘ನಿಧಾನ ಮೋಹ್ಸ್’ ಮಾಡುತ್ತಾರೆ. ಅದೇ ಚಪ್ಪಟೆ ಪದರವನ್ನು ಮೇಣದಲ್ಲಿ ಕೂರಿಸಿ, ಸಿಡಿ34 ಬಣ್ಣ ಹಾಕಿ, ಒಂದೆರಡು ದಿನ ಬಿಟ್ಟು ನೋಡುವುದು. ಅಷ್ಟು ದಿನ ಗಾಯ ಡ್ರೆಸ್ಸಿಂಗಿನಲ್ಲಿ ತೆರೆದೇ ಇರುತ್ತದೆ. ರೋಗಿಗೆ ಇದು ಕಷ್ಟ, ಹೌದು. ಫಲ ನೋಡಿದರೆ ಸಹಿಸಿಕೊಳ್ಳಬಹುದು ಅನ್ನಿಸುತ್ತದೆ: ಒಟ್ಟು ವರದಿಗಳನ್ನು ಸೇರಿಸಿ ನೋಡಿದಾಗ ಅಗಲವಾಗಿ ತೆಗೆದಾಗ ನೂರರಲ್ಲಿ ಹತ್ತರ ಒಳಗೆ ಮತ್ತೆ ಬಂದಿದ್ದರೆ, ಮೋಹ್ಸ್‌ನಲ್ಲಿ ಒಂದೆರಡರ ಆಸುಪಾಸು. ಅಗಲವಾಗಿ ತೆಗೆಸಿಕೊಂಡವರಲ್ಲಿ ದೊಡ್ಡ ಗಂಟಿನವರು ಜಾಸ್ತಿ ಇದ್ದಿರಬಹುದು, ಹಾಗಾಗಿ ಈ ಅಂಕಿಗಳನ್ನು ತಕ್ಕಡಿಗೆ ಹಾಕಿದ ಹಾಗೆ ತೂಗಬಾರದು. ಮುಖ, ತಲೆ, ಕತ್ತಿನ ಮೇಲೆ ಬಂದರೆ ನಾನು ಮೋಹ್ಸ್ ಕಡೆಗೇ ಕಳಿಸುತ್ತೇನೆ, ಅಲ್ಲಿ 3 ಸೆಂಟಿಮೀಟರ್ ಅಂದರೆ ಒಂದು ಕಣ್ಣು. ಬೆನ್ನಿನ ಮೇಲೆ ಚರ್ಮ ಸಡಿಲವಾಗಿದ್ದರೆ ಅಗಲವಾಗಿ ತೆಗೆದು ಎಲ್ಲ ಅಂಚನ್ನೂ ಗಮನವಿಟ್ಟು ನೋಡಿಸುವುದೂ ಒಳ್ಳೆಯ ದಾರಿಯೇ.

ಎರಡರಲ್ಲೂ ಒಂದು ಮಾತು ಸಮ. ಅಂಚು ಸ್ವಚ್ಛ ಅಂತ ಗೊತ್ತಾಗುವವರೆಗೆ ಗಾಯ ಮುಚ್ಚುವ ಅವಸರ ಬೇಡ. ಇದನ್ನು ನಾನು ಕಲಿತದ್ದು ತಪ್ಪು ಮಾಡಿ.

ವೃತ್ತಿಯ ಶುರುವಿನ ದಿನಗಳು. ಎದೆಯ ಮೇಲೆ ಡಿಎಫ್‌ಎಸ್‌ಪಿ ಇದ್ದ ಒಬ್ಬರಿಗೆ ಅಗಲವಾಗಿ ತೆಗೆದೆ, ಗಂಟಿನಿಂದ 3 ಸೆಂಟಿಮೀಟರ್ ಆಚೆಗೆ ಕೊಯ್ದೆ, ಪೊರೆಯನ್ನೂ ತೆಗೆದೆ. ಗಾಯ ದೊಡ್ಡದಾಗಿತ್ತು. ತೆರೆದು ಬಿಟ್ಟು ಕಳಿಸಲು ಮನಸ್ಸು ಬರಲಿಲ್ಲ, ಪಕ್ಕದ ಚರ್ಮವನ್ನು ಕೊಬ್ಬಿನ ಸಮೇತ ಎಬ್ಬಿಸಿ ತಿರುಗಿಸಿ ಅಂದೇ ಮುಚ್ಚಿದೆ. ಫ್ಲಾಪ್ ಅಂತೇವೆ ಅದಕ್ಕೆ. ಚೆನ್ನಾಗಿ ಕೂತಿತು. ಮನೆಯವರು ನೋಡಿ ಸಂತೋಷಪಟ್ಟರು, ನನಗೂ ಸಂತೋಷ. ಒಂದು ವಾರಕ್ಕೆ ರಿಪೋರ್ಟ್ ಬಂತು: ಒಂದು ಬದಿಯ ಅಂಚಿನಲ್ಲಿ ಕಾಯಿಲೆ ಇದೆ. ನಾನು ಮತ್ತೆ ಆ ಎದೆ ನೋಡಿದೆ. ಆ ಅಂಚು ಈಗ ಎಲ್ಲಿದೆ? ಚರ್ಮ ತಿರುಗಿಸಿದ್ದೇನೆ, ಎಬ್ಬಿಸಿದ್ದೇನೆ, ಎಳೆದಿದ್ದೇನೆ. ಸ್ವಚ್ಛವಾಗಿದ್ದ ಜಾಗವನ್ನೂ ಸೇರಿಸಿ ಎಲ್ಲ ಕಡೆ ಬಿಡಿಸಿಟ್ಟಿದ್ದೇನೆ. ಕೊನೆಗೆ ಫ್ಲಾಪ್ ಪೂರ್ತಿ ತೆಗೆದು ಇನ್ನೂ ಅಗಲಕ್ಕೆ ಹೋಗಬೇಕಾಯಿತು. ಅವರ ಮುಂದೆ ಕೂತು, ಅವತ್ತೇ ಮುಚ್ಚಿದ್ದು ನನ್ನ ತಪ್ಪು ಅಂತ ಹೇಳಿದೆ. ಅವರು ತಲೆಯಾಡಿಸಿದರು. ಇವತ್ತಿಗೂ ಡಿಎಫ್‌ಎಸ್‌ಪಿ ಗಾಯದ ಮುಂದೆ ನಿಂತಾಗ ಅವರು ನೆನಪಾಗುತ್ತಾರೆ.

ಈಗ ಏನು ಮಾಡುತ್ತೇನೆ? ಅಂಚನ್ನು ಜರುಗಿಸದೆ ನೇರವಾಗಿ ಹೊಲಿಯಲು ಆದರೆ ಹೊಲಿಯುತ್ತೇನೆ. ಆಗದಿದ್ದರೆ ಗಾಳಿ ಎಳೆಯುವ ಯಂತ್ರದ ಡ್ರೆಸ್ಸಿಂಗ್ ಹಾಕಿ ರಿಪೋರ್ಟಿಗೆ ಕಾಯುತ್ತೇನೆ. ಸ್ವಚ್ಛ ಅಂತ ಬಂದ ಮೇಲೆ ತೊಡೆಯಿಂದ ತೆಳ್ಳಗೆ ಚರ್ಮ ತೆಗೆದು ಹಾಕುವ ಗ್ರಾಫ್ಟ್, ಇಲ್ಲವೇ ಫ್ಲಾಪ್. ಗ್ರಾಫ್ಟ್ ನೋಡಲು ಅಷ್ಟು ಚೆನ್ನಾಗಿರುವುದಿಲ್ಲ, ತಗ್ಗು ಉಳಿಯುತ್ತದೆ, ಬಣ್ಣ ಬೇರೆ. ಆದರೆ ಅದರ ಕೆಳಗೆ ಏನಾದರೂ ಎದ್ದರೆ ಬೇಗ ಗೊತ್ತಾಗುತ್ತದೆ. ಆ ಹೆಗಲಿನ ಹೆಣ್ಣುಮಗಳಿಗೆ ಆರು ದಿನ ಗಾಯ ತೆರೆದಿತ್ತು. ಅಷ್ಟೂ ದಿನ ಅವರು ಕೇಳಿದ್ದು ಒಂದೇ, "ರಿಪೋರ್ಟ್ ಬಂತಾ?"

ಆಪರೇಶನ್ ಆಗದವರಿಗೆ ಏನು? ಅಂಚಿನಲ್ಲಿ ಕಾಯಿಲೆ ಉಳಿದು ಇನ್ನು ಕೊಯ್ಯಲು ಜಾಗ ಇಲ್ಲದಿದ್ದರೆ ರೇಡಿಯೇಶನ್ ಕೊಡುತ್ತಾರೆ, ಕೆಲಸ ಮಾಡುತ್ತದೆ. ಮಾಮೂಲಿ ಕಿಮೋಥೆರಪಿಗೆ ಇದು ಅಷ್ಟಾಗಿ ಬಗ್ಗುವುದಿಲ್ಲ. ಔಷಧಿಯ ಕಥೆ ಮಾತ್ರ ಹೇಳಲೇಬೇಕು. ಹೆಚ್ಚುಕಡಿಮೆ ಎಲ್ಲ ಡಿಎಫ್‌ಎಸ್‌ಪಿಯಲ್ಲೂ 17ನೇ ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ತಪ್ಪಾಗಿ ಅಂಟಿಕೊಂಡಿರುತ್ತವೆ. 17ರಲ್ಲಿರುವುದು ಕೊಲಾಜೆನ್ ಅನ್ನುವ ನಾರು ಮಾಡುವ ವಂಶವಾಹಿ, ಚರ್ಮದಲ್ಲಿ ಅದು ಯಾವಾಗಲೂ ಚಾಲೂ ಇರುತ್ತದೆ. 22ರಲ್ಲಿರುವುದು ಜೀವಕೋಶಕ್ಕೆ ‘ಬೆಳೆ’ ಅಂತ ಹೇಳುವ ಪ್ರೋಟೀನಿನ ವಂಶವಾಹಿ, ಬೇಕಾದಾಗ ಮಾತ್ರ ಚಾಲೂ ಆಗಬೇಕಾದದ್ದು. ಎರಡೂ ಅಂಟಿಕೊಂಡರೆ? ಸದಾ ಚಾಲೂ ಇರುವ ಸ್ವಿಚ್ಚು ಬೆಳೆಸುವ ವಂಶವಾಹಿಗೆ ಸಿಕ್ಕಿಬಿಡುತ್ತದೆ. ಜೀವಕೋಶ ತನಗೆ ತಾನೇ ಬೆಳೆ ಬೆಳೆ ಅಂತ ಹೇಳಿಕೊಳ್ಳುತ್ತಾ ಕೂರುತ್ತದೆ. ಆ ಸಂದೇಶ ಹಿಡಿಯುವ ಜಾಗವನ್ನು ತಡೆಯುವ ಮಾತ್ರೆ ಇಮ್ಯಾಟಿನಿಬ್, ಮೊದಲು ಒಂದು ಬಗೆಯ ರಕ್ತದ ಕ್ಯಾನ್ಸರ್‌ಗೆ ಬಂದದ್ದು. 2006ರಲ್ಲಿ ಅಮೆರಿಕದಲ್ಲಿ ಡಿಎಫ್‌ಎಸ್‌ಪಿಗೂ ಒಪ್ಪಿಗೆ ಸಿಕ್ಕಿತು, ಆಪರೇಶನ್ ಆಗದ, ಮರುಕಳಿಸಿದ, ಹರಡಿದ ಕಾಯಿಲೆಗೆ. ಕೆಲವರಿಗೆ ಆಪರೇಶನ್‌ಗೆ ಮೊದಲು ಕೊಟ್ಟು ಗಂಟು ಕುಗ್ಗಿಸಿ ಆಮೇಲೆ ತೆಗೆಯುವುದೂ ಉಂಟು. ವಂಶವಾಹಿಯ ಆ ಜೋಡಣೆ ಇಲ್ಲದವರಿಗೆ ಈ ಮಾತ್ರೆಯಿಂದ ಉಪಯೋಗ ಆಗುವ ನಿರೀಕ್ಷೆ ಇಲ್ಲ, ಆದ್ದರಿಂದ ಪರೀಕ್ಷೆ ಮಾಡಿಸಿಯೇ ಕೊಡಬೇಕು. ಆದರೆ ತೆಗೆಯಲು ಆಗುವ ಗಂಟಿಗೂ ಬರೀ ಮಾತ್ರೆ ಸಾಕಾ ಅಂತ ಯಾರಾದರೂ ಕೇಳಿದರೆ ನಾನು ಒಪ್ಪುವುದಿಲ್ಲ.

ಪ್ರಶ್ನೋತ್ತರದಲ್ಲಿ ಒಬ್ಬರು ಎಷ್ಟು ವರ್ಷ ತೋರಿಸಿಕೊಳ್ಳಬೇಕು ಅಂತ ಕೇಳಿದರು. ಮತ್ತೆ ಬರುವುದಾದರೆ ಹೆಚ್ಚಿನದು ಮೊದಲ ಮೂರು ವರ್ಷದೊಳಗೆ, ಆದರೆ ಹತ್ತು ವರ್ಷದ ಮೇಲೂ ಬಂದದ್ದಿದೆ. ಮೊದಲ ಕೆಲವು ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ದೊಡ್ಡ ಯಂತ್ರ ಏನೂ ಬೇಡ. ಎರಡು ಬೆರಳಿಂದ ಕಲೆಯ ಉದ್ದಕ್ಕೂ, ಅದರ ಸುತ್ತ ಒಂದು ಗೇಣು, ನಿಧಾನಕ್ಕೆ ಒತ್ತಿ ನೋಡುವುದು. ಮನೆಯಲ್ಲಿ ಸ್ನಾನ ಮಾಡುವಾಗ ತಿಂಗಳಿಗೊಮ್ಮೆ ನೀವೇ ಹೀಗೆ ಒತ್ತಿ ನೋಡಬಹುದು. ಗರ್ಭಿಣಿಯಾದಾಗ ಈ ಗಂಟು ಬೇಗ ಬೆಳೆದ ಉದಾಹರಣೆಗಳಿವೆ, ಹಾಗಾಗಿ ಹಿಂದೆ ಡಿಎಫ್‌ಎಸ್‌ಪಿ ತೆಗೆಸಿಕೊಂಡವರು ಆಗ ಇನ್ನೂ ಜಾಸ್ತಿ ಗಮನ ಕೊಡಬೇಕು.

ಎಲ್ಲ ಮುಗಿದು ಜನ ಏಳುತ್ತಿದ್ದಾಗ ಒಬ್ಬರು ಹತ್ತಿರ ಬಂದರು. ಬೆನ್ನಿನ ಗಂಟೊಂದನ್ನು ಆರು ವರ್ಷದ ಹಿಂದೆ ತೆಗೆಸಿದ್ದರಂತೆ, ಮಡಚಿ ಮಡಚಿ ಸವೆದ ಒಂದು ರಿಪೋರ್ಟ್ ಫೋನಿನಲ್ಲಿ ಫೋಟೋ ಆಗಿತ್ತು. ಓದಿದೆ. ಸಿಡಿ34 ಮಾಡಿಸಿರಲಿಲ್ಲ, ಅಂಚಿನ ವಿಷಯ ಒಂದು ಅಕ್ಷರ ಇರಲಿಲ್ಲ. "ಈಗ ಏನೂ ಇಲ್ಲ ಸರ್, ಆದ್ರೂ ನಿಮ್ಮ ಮಾತು ಕೇಳಿ..." ಅಂದರು. ಜಾಗ ಮುಟ್ಟಿ ನೋಡಿದೆ, ಕೈಗೆ ಏನೂ ಸಿಗಲಿಲ್ಲ. ಲ್ಯಾಬುಗಳು ಮೇಣದಲ್ಲಿ ಕೂರಿಸಿದ ತುಂಡನ್ನು ವರ್ಷಗಟ್ಟಲೆ ಇಟ್ಟಿರುತ್ತವೆ, ಬ್ಲಾಕ್ ಅಂತಾರೆ, ಆ ರಿಪೋರ್ಟಿನ ಮೇಲ್ಮೂಲೆಯ ನಂಬರ್ ಹೇಳಿ ಕೇಳಿ, ಸಿಕ್ಕರೆ ತನ್ನಿ, ಈಗಲೂ ಬಣ್ಣ ಹಾಕಿ ನೋಡಬಹುದು ಅಂತ ಹೇಳಿದೆ. ಅವರು ಆ ನಂಬರನ್ನು ಅಲ್ಲೇ ನಿಂತು ಅಂಗೈ ಮೇಲೆ ಬರೆದುಕೊಂಡರು.